ದೊಡ್ಡ ಕೀಲಿ ಅತ್ತೆ ಹತ್ರ ಐತೆ

ನಮ್ಮನೇಲಿ ಬೀಗ ಯಾವತ್ತೂ ಕಳೆದಿಲ್ಲ, ಕೀಲಿ ಕಳೆಯದ ವಾರಾನೂ ಇಲ್ಲ. ಮೊದ್ಲು ಬೀರುವಿನ ಕೀಲಿ ಕಳೀತಿತ್ತು, ಆಮೇಲೆ ಗಾಡೀದು, ಈಗ ಮೊಬೈಲಿಂದು. ನಾನು ಪಿ.ಜೆ. ಬಡಾವಣೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋಳು. ಬೆಳಗಿಂದ ಸಂಜೆ ತನಕ ಮಂದಿಗೆ ಸೂಜಿ ಚುಚ್ಚಿದ್ರೂ ನನ್ನ ಕೈ ನಡುಗಲ್ಲ. ಅಂಥ ಕೈ ಒಂದು ಗುರುವಾರ ಮಧ್ಯಾಹ್ನ ಗಡಗಡ ನಡುಗಿತು, ಯಾಕಂದ್ರೆ ಮಗಳ ಸೀಟು ಕೈ ತಪ್ಪೋದ್ರಲ್ಲಿತ್ತು.

ಮಗಳಿಗೆ ದನದ ಡಾಕ್ಟ್ರು ಆಗ್ಬೇಕು ಅಂತ ಆಸೆ. ಮಾಯಕೊಂಡದಲ್ಲಿ ಮಾವನ ಎಮ್ಮೆ ಕರು ಹಾಕೋದನ್ನ ಚಿಕ್ಕೋಳಿದ್ದಾಗ ನೋಡಿ ಹಿಡಿದ ಹಠ ಅದು. ಮೊದಲ ಸಲ ಬರೆದಾಗ ರ‍್ಯಾಂಕು ಸಾಲಲಿಲ್ಲ. ಒಂದು ವರ್ಷ ಎಲ್ಲೂ ಸೇರದೆ ಮನೇಲೇ ಕೂತು ಮತ್ತೆ ಓದಿದ್ಲು. ಮದುವೆಗೆ ಬರಲಿಲ್ಲ, ಹಬ್ಬಕ್ಕೆ ಬರಲಿಲ್ಲ, ಟಿವಿ ಕಡೆ ತಲೆ ಎತ್ತಲಿಲ್ಲ. ಅಂಥ ಹುಡುಗಿ ಸೀಟು ನಾವು ನಾಲ್ಕು ಮಂದಿ ದೊಡ್ಡೋರು ಸೇರಿ ಹಾಳು ಮಾಡ್ತಿದ್ವಿ. ಅದು ಹೆಂಗೆ ಅಂತ ಮೊದಲಿಂದ ಹೇಳ್ತೀನಿ.

ಕ್ಯಾಲೆಂಡರ್ ಹಾಳೆ

ಸರಸ್ವತಿ ನಗರದ ನಮ್ಮ ಮನೆ ಹಾಲಿನಲ್ಲಿ ಒಂದು ಕ್ಯಾಲೆಂಡರ್. ಮುಂದುಗಡೆ ದೇವರ ಚಿತ್ರ ಮತ್ತೆ ತಾರೀಖು. ಹಿಂದುಗಡೆ ಬಿಳಿ ಜಾಗ, ಅಲ್ಲಿ ನಮ್ಮ ಮನೆಯ ಎಲ್ಲ ಪಾಸ್‌ವರ್ಡ್. ಗ್ಯಾಸಿಂದು, ಕರೆಂಟಿಂದು, ಮಾವನ ಪಿಂಚಣೀದು, ಕೊನೆಗೆ ಮಗಳ ಪರೀಕ್ಷೆ ಅರ್ಜೀದು. ಕಳ್ಳ ಬಂದ್ರೆ ಬೀರು ನೋಡ್ತಾನೆ, ಕ್ಯಾಲೆಂಡರ್ ಹಿಂದೆ ಯಾಕೆ ನೋಡ್ತಾನೆ ಅಂತ ನಮ್ಮನೆಯವ್ರ ಲೆಕ್ಕ.

ಅರ್ಜಿಯಲ್ಲಿ ಮಗಳ ಫೋಟೋ ಮಸುಕಾಗೈತೆ, ಇವತ್ತೇ ಬದಲಾಯಿಸಿ, ಇಲ್ದಿದ್ರೆ ಅರ್ಜಿ ತಿರಸ್ಕಾರ ಅಂತ ಒಂದು ಬೆಳಿಗ್ಗೆ ಮೆಸೇಜ್ ಬಂತು. ಓಡಿ ಹೋಗಿ ಕ್ಯಾಲೆಂಡರ್ ತಿರುಗಿಸಿದ್ರೆ ಬರೆದಿದ್ದ ಹಾಳೇನೇ ಇಲ್ಲ. ತಿಂಗಳು ಮುಗಿದಿತ್ತು, ಮಾವ ಹರಿದಿದ್ರು.

"ಮಾವ, ಹಾಳೆ ಎಲ್ಲಿ?" ಅಂದೆ.

"ಪಕ್ಕದ್ಮನೆ ಹುಡುಗಿ ಗಣಿತದ ಪುಸ್ತಕಕ್ಕೆ ರಟ್ಟು ಹಾಕಿ ಕೊಟ್ಟೆ. ಒಳ್ಳೇ ಗಟ್ಟಿ ಹಾಳೆ" ಅಂದ್ರು.

ಹುಡುಗಿ ಸ್ಕೂಲಿಗೆ ಹೋಗಿ ಆಗಿತ್ತು. ನಾನು ಲ್ಯಾಬಿನ ಬಿಳಿ ಕೋಟಿನಲ್ಲೇ ಸ್ಕೂಟಿ ಹತ್ತಿದೆ. ನಾಲ್ಕನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೇ ತಡ, ಅರ್ಧ ಕ್ಲಾಸು ಇಂಜೆಕ್ಷನ್ ಅಂತ ಬೆಂಚಿನ ಕೆಳಗೆ ಹೋಯ್ತು. ಪುಸ್ತಕ ಸಿಕ್ಕಿತು. ದೇವರ ಚಿತ್ರ ಹೊರಗಿದ್ರೆ ಮಕ್ಕಳ ಕಾಲಿಗೆ ಸಿಗ್ತೈತೆ ಅಂತ ಮಾವ ಭಕ್ತಿಯಿಂದ ದೇವರನ್ನ ಒಳಗೆ ಮಡಚಿದ್ರು. ನಮ್ಮ ಪಾಸ್‌ವರ್ಡ್ ಎಲ್ಲಾ ಹೊರಗಡೆ, ಮಗಳದ್ದರ ಮೇಲೆ ಮಾತ್ರ ಹೆಸರಿನ ಚೀಟಿ ಅಂಟಿಸಿ ಆಗಿತ್ತು. ಉಗುರಲ್ಲಿ ಕೆರೆದೆ, ಹಾಳೆ ಹರೀತು. ನನಗೆ ಅಳುವೇ ಬಂತು.

ಆ ಹುಡುಗಿ ನನ್ನ ಕೋಟು ಜಗ್ಗಿ, "ಅಳಬ್ಯಾಡ್ರಿ ಆಂಟಿ. ಅದು ನಮ್ಮ ಕ್ಲಾಸಿಗೆಲ್ಲ ಬಾಯಿಪಾಠ ಬರ್ತೈತೆ. ಎಲ್ಲರೂ ಸೇರಿ ಹೇಳ್ಲಾ?" ಅಂದ್ಲು.

ಅಕ್ಕಿ ಡ್ರಮ್ಮಿನ ಹಿಂದೆ

ಅವತ್ತೇ ಸಂಜೆ ನಮ್ಮನೆಯವ್ರು ಪಾಸ್‌ವರ್ಡ್ ಮ್ಯಾನೇಜರ್ ಅನ್ನೋದನ್ನ ತಂದು ನನ್ನ ಮೊಬೈಲಿಗೆ, ಅವರದಕ್ಕೆ, ಮಗಳದಕ್ಕೆ, ಅತ್ತೇದಕ್ಕೆ, ಮಾವ ಸುದ್ದಿ ನೋಡೋ ಟ್ಯಾಬಿಗೆ, ಎಲ್ಲದಕ್ಕೂ ಹಾಕಿದ್ರು. ಎಲ್ಲ ಪಾಸ್‌ವರ್ಡ್ ಒಂದೇ ಪೆಟ್ಟಿಗೇಲಿ ಇರ್ತವೆ, ಬೆರಳಿಟ್ರೆ ತೆರೀತೈತೆ, ಗುಟ್ಟಿನ ವಿಷಯ ಏನಿದ್ರೂ ಬರೆದಿಡಬಹುದು, ಲೋಕದಲ್ಲಿ ಯಾರಿಗೂ ಕಾಣಲ್ಲ ಅಂತ ದೊಡ್ಡ ಭಾಷಣ ಮಾಡಿದ್ರು. ಒಂದು ಕಡೆ ಬರೆದಿದ್ದು ಮನೆಯ ಎಲ್ಲ ಕಡೆ ಕಾಣ್ತೈತೆ ಅನ್ನೋದನ್ನ ಭಾಷಣದ ಕೊನೆಗೆ ಇಟ್ಕೊಂಡಿದ್ರು. ಅಷ್ಟೊತ್ತಿಗೆ ಅತ್ತೆ ಒಗ್ಗರಣೆ ಹಾಕೋಕೆ ಎದ್ದು ಹೋಗಿದ್ರು.

ಮಾವನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ನಮ್ಮ ಲ್ಯಾಬಿನಲ್ಲೇ ಪರೀಕ್ಷೆ. ಆ ತಿಂಗಳ ರಿಪೋರ್ಟಿನಲ್ಲಿ ಸಕ್ಕರೆ ಯಾವತ್ತೂ ಇಲ್ಲದಷ್ಟು ಏರಿತ್ತು. ಮಿಷಿನ್ ಕೆಟ್ಟೈತೇನೋ ಅಂತ ಇನ್ನೊಂದ್ಸಲ ರಕ್ತ ತೆಗೆದೆ. ಅಷ್ಟೇ ಬಂತು. ಡಾಕ್ಟ್ರು ಇನ್ಸುಲಿನ್ ಶುರು ಮಾಡೋ ಮಾತಾಡಿದ್ರು. ಜೊತೆಗೆ ಬಂದಿದ್ದ ಅತ್ತೆ, "ಮನ್ಯಾಗ ಸಿಹಿ ಅನ್ನೋದು ಎಲ್ಲೈತಿ ಅಂತ ಈ ಜೀವಕ್ಕೆ ಗೊತ್ತೇ ಇಲ್ಲ ಡಾಕ್ಟ್ರೇ" ಅಂತ ಕಣ್ಣೊರೆಸಿಕೊಂಡ್ರು. ಅತ್ತೆ ಮಾವನನ್ನ 'ಈ ಜೀವ' ಅಂತಾರೆ, 'ಇವ್ರು' ಅಂತಾರೆ, ಹೆಸರು ಮಾತ್ರ ಹೇಳಲ್ಲ. ಲ್ಯಾಬಿನ ಫಾರ್ಮಿನಲ್ಲಿ ಗಂಡನ ಹೆಸರು ಕೇಳಿದ್ರೂ ನನ್ನ ಮುಖ ನೋಡಿ, "ನೀನೇ ಬರ್ಕೋ ತಾಯಿ" ಅಂತಾರೆ.

ಮನೆಗೆ ಬಂದು ಮಾವನನ್ನ ಒಬ್ಬರೇ ಸಿಕ್ಕಾಗ ಹಿಡಿದೆ. "ಖರೇ ಹೇಳ್ರಿ ಮಾವ. ಏನು ತಿಂದ್ರಿ?"

ಮಾವ ಟ್ಯಾಬ್ ತೆಗೆದು ಬೆರಳಿಟ್ಟು ತೋರಿಸಿದ್ರು. ಪೆಟ್ಟಿಗೇಲಿ ಅತ್ತೆ ಬರೆದಿಟ್ಟ ಗುಟ್ಟು: 'ಬೇಸನ್ ಉಂಡಿ ಅಕ್ಕಿ ಡ್ರಮ್ಮಿನ ಹಿಂದೆ. ಇವ್ರಿಗೆ ತಿಳೀಬಾರ್ದು.'

"ಓದಿದ್ಮ್ಯಾಲೂ ತಿನ್ನಬಹುದಾ ಮಾವ?"

"ಮೊದಲ ಸಾಲಿನ ತನಕ ಓದಿ ಎದ್ದು ಹೋದೆ ತಾಯಿ. ಎರಡನೇದನ್ನ ನೋಡಿದ್ದು ಉಂಡಿ ಮುಗಿದ ಮ್ಯಾಲೆ" ಅಂದ್ರು.

ಸುಳಿವು

ಆ ಪೆಟ್ಟಿಗೆಗೆ ಒಂದು ಮಾಸ್ಟರ್ ಪಾಸ್‌ವರ್ಡ್ ಅಂತ ಇರ್ತೈತೆ. ಅತ್ತೆ ಅದನ್ನ ದೊಡ್ಡ ಕೀಲಿ ಅಂತಾರೆ. ದಿನಾ ಬೆರಳಿಟ್ರೆ ಸಾಕು, ಆದ್ರೆ ಆಗಾಗ ಪೆಟ್ಟಿಗೆಗೆ ಅನುಮಾನ ಬಂದು ದೊಡ್ಡ ಕೀಲಿ ಕೇಳ್ತೈತೆ. ಐದು ಸಲ ತಪ್ಪಿದ್ರೆ ಒಂದು ತಾಸು ಬಂದ್. ನಮ್ಮನೆಯವ್ರು ಯಾವುದೋ ವಿಡಿಯೋ ನೋಡಿ ತಿಂಗಳಿಗೊಮ್ಮೆ ಅದನ್ನ ಬದಲಾಯಿಸ್ತಿದ್ರು. ಬದಲಾಯಿಸೋದು ನೆನಪಿರ್ತಿತ್ತು, ಬದಲಾಯಿಸಿದ್ದು ನೆನಪಿರ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ತೆಗೀಬೇಕು, ಜೆರಾಕ್ಸ್ ಅಂಗಡಿ ಮುಂದೆ ನಾವು ಮೂವರು. ಪೆಟ್ಟಿಗೆ ದೊಡ್ಡ ಕೀಲಿ ಕೇಳ್ತು. ಇವರು ನಾಲ್ಕು ಸಲ ಹಾಕಿದ್ರು, ನಾಲ್ಕೂ ತಪ್ಪು. ಅಂಗಡಿಯವ್ರು ಷಟರ್ ಅರ್ಧ ಎಳೆದಿದ್ರು. ಮಗಳ ಕಣ್ಣಲ್ಲಿ ನೀರು. ಆಗ ಇವರಿಗೆ ಹೊಳೀತು. "ತಡಿ ತಡಿ, ಮರೆತ್ರೆ ಇರ್ಲಿ ಅಂತ ನಾನೇ ಒಂದು ಸುಳಿವು ಬರೆದಿಟ್ಟೀನಿ. ಮುಂದಾಲೋಚನೆ ಅಂದ್ರೆ ಇದು!" ಅಂತ ಸುಳಿವಿನ ಬಟನ್ ಒತ್ತಿದ್ರು.

ಬಂತು ಸುಳಿವು: 'ನಿನಗೆ ಗೊತ್ತಿರೋದೇ.'

ಐದನೇದು ದೇವರ ದಯೆಯಿಂದ ಸರಿಯಾಯ್ತು. ಅವತ್ತು ಮನೆಗೆ ಬಂದು ನಾನೇ ತೀರ್ಮಾನ ಮಾಡಿದೆ: ಇನ್ನು ಮೇಲೆ ದೊಡ್ಡ ಕೀಲಿ ಅತ್ತೆ ಹತ್ರ. ಯಾರ ಮದುವೇಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ರು ಅಂತ ಮೂವತ್ತು ವರ್ಷದ್ದು ಹೇಳೋ ಹೆಂಗಸು. ಮರೆವು ಅನ್ನೋದೇ ಮರೆತಾರೆ.

ಇವರು ಅವರವ್ವನಿಗೆ ಕಟ್ಟಳೆ ಹೇಳಿದ್ರು. "ಉದ್ದ ಇರ್ಬೇಕು ಅವ್ವ. ನಿನಗೆ ಯಾವತ್ತೂ ಮರೀಬಾರ್ದು. ಯಾರಿಗೂ ಹೇಳಬಾರ್ದು, ನನಗೂ ಹೇಳಬ್ಯಾಡ. ಎಲ್ಲೂ ಬರೀಬಾರ್ದು."

ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಮಾವನ ಕಡೆ ಒಂದ್ಸಲ ನೋಡಿ, ಮುಸಿಮುಸಿ ನಕ್ಕು, ಗೋಡೆ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಬೆರಳಲ್ಲಿ ಹತ್ತು ನಿಮಿಷ ಕುಟ್ಟಿದ್ರು.

"ಅಷ್ಟು ಉದ್ದ ಏನೈತೆ ಅವ್ವ?" ಅಂದ್ರು ಇವರು.

"ಐವತ್ತು ವರ್ಷದ್ದಪ್ಪ. ಉದ್ದ ಇರಲ್ಲೇನು?" ಅಂದ್ರು ಅತ್ತೆ.

ಗುರುವಾರ

ಮಗಳಿಗೆ ಸೀಟು ಬಂತು! ದನದ ಡಾಕ್ಟ್ರು ಸೀಟೇ. ಗುರುವಾರ ಸಂಜೆ ನಾಲ್ಕರೊಳಗೆ ವೆಬ್‌ಸೈಟಿಗೆ ಹೋಗಿ 'ಒಪ್ಪಿಗೆ' ಅಂತ ಒತ್ತಬೇಕು, ಅಷ್ಟೇ. ಒತ್ತದಿದ್ರೆ ಸೀಟು ಮುಂದಿನ ರ‍್ಯಾಂಕಿನೋರಿಗೆ. ಮೂರು ದಿನ ಟೈಮ್ ಇತ್ತು. ಮೊದಲ ದಿನ ಅಮಾವಾಸ್ಯೆ. ಎರಡನೇ ದಿನ ವೆಬ್‌ಸೈಟ್ ತೆರೀಲಿಲ್ಲ, ಮೂರನೇ ದಿನ ಬೆಳಿಗ್ಗೇನೂ ಅಷ್ಟೇ. ಆಮೇಲೆ ಒಂದೂವರೆಯಿಂದ ಮೂರರ ತನಕ ರಾಹುಕಾಲ. "ಮೂರು ಹೊಡೀಲಿ, ಒಂದು ನಿಮಿಷದ ಕೆಲಸ" ಅಂದ್ರು ನಮ್ಮನೆಯವ್ರು. ಕಾಯೋ ಹೊತ್ತಲ್ಲಿ ಕೈ ಸುಮ್ನಿರಬೇಕಲ್ಲ? ಶುಭಕಾರ್ಯಕ್ಕೆ ಮುಂಚೆ ಶುದ್ಧ ಇರ್ಲಿ, ಯಾರಾದ್ರೂ ಕದ್ದು ನೋಡ್ತಿದ್ರೆ ಹೋಗ್ಲಿ ಅಂತ ಪೆಟ್ಟಿಗೇಲಿ 'ಎಲ್ಲ ಸಾಧನಗಳಿಂದ ಹೊರಬನ್ನಿ' ಅನ್ನೋದನ್ನ ಒತ್ತಿದ್ರು.

ಮೂರಕ್ಕೆ ಕೂತು ಬೆರಳಿಟ್ರು. ಬೆರಳು ನಡೀಲಿಲ್ಲ. ನನ್ನ ಮೊಬೈಲಿಗೆ ನನ್ನ ಬೆರಳು, ಅದೂ ಇಲ್ಲ. ಎಲ್ಲ ಕಡೆ ಒಂದೇ ಮಾತು: ದೊಡ್ಡ ಕೀಲಿ ಹಾಕಿ. ಸೀಟಿನ ಪಾಸ್‌ವರ್ಡ್ ಒಳಗೆ. ಅದು ಮರೆತ್ರೆ ಹೊಸದು ಬರೋ ಇಮೇಲಿನ ಪಾಸ್‌ವರ್ಡೂ ಒಳಗೆ. ಅತ್ತೆ, ಮಾವ ಹರಿಹರದಲ್ಲಿ, ಅತ್ತೆಯ ತಂಗಿ ಮನೇಲಿ ಕುಬಸದ ಕಾರ್ಯ, ಅದೇ ಸೀಮಂತ. ಅತ್ತೆಗೆ ಫೋನ್ ಮಾಡಿದ್ರೆ ನಮ್ಮ ಫ್ರಿಜ್ಜಿನ ಮೇಲೇ ಗುರ್ ಅಂತು. ಬಿಟ್ಟು ಹೋಗಿದ್ರು. ಮಾವನ ಹತ್ರ ಬಟನ್ ಫೋನ್ ಐತೆ, ಆದ್ರೆ ಮಾವನಿಗೆ ಕಿವಿ ಮಂದ. ರಿಂಗಾಗ್ತಾನೇ ಇತ್ತು. ತಂಗಿ ಮನೆಯೋರೂ ಊಟ ಬಡಿಸೋ ಗದ್ದಲದಲ್ಲಿ ಎತ್ತಲಿಲ್ಲ.

ಅಷ್ಟರಲ್ಲಿ ಇವರು ಊಹೆ ಶುರು ಮಾಡಿದ್ರು. ಮನೆದೇವರ ಹೆಸರು, ತಪ್ಪು. ಮಗಳ ಹೆಸರು, ತಪ್ಪು. ಮಾಯಕೊಂಡ, ತಪ್ಪು. "ಅಪ್ಪಾಜಿ, ಮುಟ್ಟಬ್ಯಾಡ! ಎರಡೇ ಉಳಿದಾವೆ!" ಅಂತ ಮಗಳು ಚೀರಿ ಲ್ಯಾಪ್‌ಟಾಪ್ ಕಸ್ಕೊಂಡ್ಲು. ಗೋಡೆ ಗಡಿಯಾರ ನೋಡೋಕೆ ನನಗೆ ಧೈರ್ಯ ಆಗಲಿಲ್ಲ.

ಮೂರು ನಲವತ್ತಕ್ಕೆ ಮಾವ ಫೋನ್ ಎತ್ತಿದ್ರು. "ಯಾರು? ಊಟ ಆತಾ?"

"ಮಾವ, ಅತ್ತೆಗೆ ಕೊಡ್ರಿ!"

"ಹೋಳಿಗೆ ಮಾಡ್ಯಾರ. ನನಗೆ ಕೊಡಲಿಲ್ಲ."

ಅಂತೂ ಫೋನ್ ಅತ್ತೆ ಕೈಗೆ ಹೋಯ್ತು. ವಿಷಯ ಹೇಳಿದ್ವಿ. ಅತ್ತೆ ಏನೋ ಪಿಸುಗುಟ್ಟಿದ್ರು, ಕೇಳಿಸಲಿಲ್ಲ.

"ಜೋರಾಗಿ ಹೇಳ್ರಿ ಅತ್ತೆ!"

"ಹೆಂಗೆ ಹೇಳಲಿ? ಅದು ಒಡಪು ಐತೆ."

ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರನ್ನ ಬರೀ ಬಾಯಲ್ಲಿ ಹೇಳಲ್ಲ. ಮದುವೇಲಿ, ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕೇಳ್ತಾರೆ. ಆಗ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದ್ರೆ ದಾರಿ ಬಿಡ್ತಾರೆ. ಅದೇ ಒಡಪು. ಅತ್ತೆ ದೊಡ್ಡ ಕೀಲಿಗೆ ಒಡಪು ಇಟ್ಟಿದ್ರು!

ಮಗಳು ಫೋನಿಗೆ ಬಾಯಿ ಹಚ್ಚಿ, "ಅಜ್ಜಿ, ಹದಿನೈದು ನಿಮಿಷ ಐತೆ. ನನ್ನ ಒಂದು ವರ್ಷ ಐತೆ" ಅಂದ್ಲು. ಅತ್ತೆ ಹಿತ್ತಲ ಕಡೆ ಹೊರಟ್ರು. ಆದ್ರೆ ಒಡಪು ಅನ್ನೋ ಮಾತು ಅಲ್ಲಿದ್ದ ಹೆಂಗಸರ ಕಿವಿಗೆ ಬಿದ್ದಿತ್ತು. ಹೋ ಅಂತ ಬಾಗಿಲಿಗೆ ಅಡ್ಡ ನಿಂತ್ರು. "ಹೆಸರು ಹೇಳೇ ದಾಟಬೇಕಕ್ಕ!" ಊಟಕ್ಕೆ ಕೂತ ಗಂಡಸರೂ ಕೈ ನಿಲ್ಲಿಸಿದ್ರಂತೆ. ಅತ್ತೆ ಗಂಟಲು ಸರಿಮಾಡ್ಕೊಂಡ್ರು.

"ಒಲಿ ಮ್ಯಾಲಿನ ಹಾಲು ಉಕ್ಕಿದ್ರೂ ಏಳಲ್ಲ,
ಹತ್ತು ಸಲ ಕೂಗಿದ್ರೂ ಒಂದ್ಸಲ ಕೇಳಲ್ಲ,
ಏಳೇಳು ಜನ್ಮಕ್ಕೂ ರುದ್ರಪ್ಪನೋರ ಬಿಡಲ್ಲ!"

ಹರಿಹರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಲ್ಲಿ ನಾನು ಅಕ್ಷರ ಅಕ್ಷರ ನೋಡಿ ಕುಟ್ಟಿದೆ. ತಪ್ಪು.

ಒಂದೇ ಉಳೀತು. ಮೂರು ಐವತ್ತೊಂದು.

"ಅವ್ವ, ಎಲ್ಲೋ ಮರೆತೀಯ" ಅಂದ್ರು ಇವರು.

"ಮರೆಯೋದು ನಿನ್ನ ಕೆಲಸ, ನಂದಲ್ಲ" ಅಂತ ಅತ್ತೆ ಸಿಡುಕಿದ್ರು. ಆಮೇಲೆ ದನಿ ಸಣ್ಣದಾಯ್ತು. "ಕೊನೇ ಸಾಲು ಅದಲ್ಲ. ಮಂದಿ ಮುಂದೆ ಅಂತ ಬ್ಯಾರೆ ಹೇಳಿದೆ."

"ಪೆಟ್ಟಿಗೆಗೆ ಹಾಕಿದ್ದು ಯಾವ್ದು ಅತ್ತೆ?"

"ಇವ್ರು ಎದುರಿಗೇ ಕುಂತಾರ."

"ಅಜ್ಜೀ!" ಅಂದ್ಲು ಮಗಳು.

ಅತ್ತೆ ಉಸಿರು ಎಳೆದಿದ್ದು ಇಲ್ಲಿಗೆ ಕೇಳಿಸ್ತು. "ಬರ್ಕೋ. ಈ ಜನ್ಮಕ್ಕೆ ಸಾಕು, ಮುಂದಕ್ಕೆ ರುದ್ರಪ್ಪನೋರು ಬೇಕಿಲ್ಲ."

ಈ ಸಲ ಯಾರೂ ಚಪ್ಪಾಳೆ ಹೊಡೀಲಿಲ್ಲ. ನಾನು ಬಲಗೈಯನ್ನ ಎಡಗೈಯಲ್ಲಿ ಹಿಡ್ಕೊಂಡು ಕುಟ್ಟಿದೆ. ಪೆಟ್ಟಿಗೆ ತೆರೀತು. ನಮ್ಮನೆಯವ್ರು ಖುಷಿಗೆ ಕುಣಿದು ಫೋನಿಗೆ ಕೂಗಿದ್ರು: "ಇದೇ ಸರಿ ಅವ್ವಾ! ಮೊದಲಿಂದು ಸುಳ್ಳು, ಇದೇ ಕರೆಕ್ಟು!" ಮಾವನ ಫೋನು ಯಾವಾಗ್ಲೂ ಸ್ಪೀಕರಿನಲ್ಲೇ ಇರೋದು. ಇಡೀ ಕುಬಸದ ಮನೆ ಕೇಳ್ತು.

ಮೂರು ಐವತ್ತಾರಕ್ಕೆ ಮಗಳು 'ಒಪ್ಪಿಗೆ' ಒತ್ತಿದ್ಲು. ಒತ್ತಿ ನನ್ನ ಹೆಗಲ ಮೇಲೆ ಬಿದ್ದು ಅತ್ಲು, ನನ್ನ ಕಣ್ಣಲ್ಲೂ ನೀರು. ಫೋನ್ ಇನ್ನೂ ಚಾಲೂ ಇತ್ತು. ಅತ್ತ ಕಡೆಯಿಂದ ಮಾವನ ದನಿ ಬಂತು. ಹತ್ತು ಸಲ ಕೂಗಿದ್ರೆ ಒಂದ್ಸಲಾನೂ ಓಗೊಡದ ಮನುಷ್ಯ ನಿಧಾನಕ್ಕೆ ಹೇಳಿದ್ರು: "ಕೇಳಿಸ್ತು. ಎಲ್ಲಾ ಕೇಳಿಸ್ತು."

ಅವತ್ತಿಂದ ನಮ್ಮನೇಲಿ ಹಾಲು ಉಕ್ಕಿಲ್ಲ. ಒಲೆ ಮೇಲೆ ಪಾತ್ರೆ ಇಟ್ಟ ಸದ್ದಿಗೇ ಮಾವ ಎದ್ದು ಬರ್ತಾರೆ. ಅತ್ತೆ "ಏನ್ರಿ" ಅನ್ನೋದ್ರೊಳಗೆ "ಆಂ, ಬಂದೆ" ಅಂತಾರೆ. ಕಿವಿಗೆ ಮಿಷಿನ್ ಕೂಡ ಹಾಕಿಸ್ಕೊಂಡು ಬಂದ್ರು. ನಾಲ್ಕು ದಿನ ನೋಡಿ ಇವರು, "ಅವ್ವ, ದೊಡ್ಡ ಕೀಲಿ ಈಗ ಹರಿಹರಕ್ಕೆಲ್ಲ ಗೊತ್ತಾಗೈತೆ. ಇವತ್ತೇ ಹೊಸದು ಹಾಕು" ಅಂದ್ರು.

ಅತ್ತೆ ಅಡುಗೆಮನೆ ಕಡೆ ನೋಡಿದ್ರು. ಅಲ್ಲಿ ಮಾವ ಸೌಟು ಹಿಡಿದು ಹಾಲಿಗೆ ಕಾವಲು ನಿಂತಿದ್ರು.

"ತಡೀಪ್ಪ, ಅವಸರ ಏನೈತೆ?" ಅಂದ್ರು ಅತ್ತೆ. "ಮೂರು ಸಾಲಿನಾಗ ಎರಡು ಆಗಲೇ ಸುಳ್ಳಾಗ್ಯಾವ. ಮೂರನೇದನ್ನ ಇನ್ನೊಂದು ವಾರ ನೋಡಿ ಹಾಕ್ತೀನಿ."