ಐವತ್ತಪ್ಪನ ಚಕ್ರವರ್ತಿ

“ಇನ್ನು ಮೇಲೆ ಈ ಓಣಿಯಲ್ಲಿ ಕರೆಂಟು ಕೆಮ್ಮೋದಿದ್ರೂ ನನ್ನ ಅಪ್ಪಣೆ ಕೇಳಿಯೇ ಕೆಮ್ಮಬೇಕು!” ಎಂದು ಐವತ್ತಪ್ಪ ಮೀಸೆ ತಿರುವಿದ.

ಐವತ್ತಪ್ಪ ಎಂಬುದು ಓಣಿಯವರು ಕೊಟ್ಟ ಬಿರುದು. ಕರೆಂಟು ಸೆಕೆಂಡಿಗೆ ಸರಿಯಾಗಿ ಐವತ್ತು ಸಲ ಕಂಪಿಸಬೇಕು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗಬಾರದು ಎಂದು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಪಾಠ ಹೇಳಿದ್ದರ ಫಲ! ಓಣಿಯ ಆರು ಮನೆಗಳ ತಾರಸಿಗೂ ಸೋಲಾರ್ ಫಲಕ ಹಾಕಿಸಿ, ಆರಕ್ಕೂ ಸೇರಿಸಿ ಪುಟ್ಟದೊಂದು ವಿದ್ಯುತ್ ಸಾಮ್ರಾಜ್ಯವನ್ನೇ ಕಟ್ಟಿದ್ದ. ಬಳಕೆಗಿಂತ ಬಿಸಿಲು ಹೆಚ್ಚಾದರೆ ಮೀಟರಿನ ಮುಳ್ಳು ಐವತ್ತು ದಾಟುತ್ತದೆ, ಮೋಡ ಬಂದರೆ ಕೆಳಗಿಳಿಯುತ್ತದೆ. ಎರಡನ್ನೂ ತಡೆಯಲು ಹಳೆಯ ಬಿಸ್ಕತ್ತು ಡಬ್ಬಿಯೊಳಗೆ ತಾನೇ ಒಂದು ಯಂತ್ರ ಕಟ್ಟಿ, ಅದಕ್ಕೆ ‘ಚಕ್ರವರ್ತಿ’ ಎಂದು ಹೆಸರಿಟ್ಟಿದ್ದ. ಇಪ್ಪತ್ತು ದಿನಗಳಿಂದ ಮುಳ್ಳು ಅಲ್ಲಾಡಿರಲಿಲ್ಲ!

ಇವತ್ತು ವಿದ್ಯುತ್ ಇಲಾಖೆಯ ಮೇಡಂ ಪರೀಕ್ಷೆಗೆ ಬರುವವರಿದ್ದರು. ಪಾಸಾದರೆ ಪರವಾನಗಿ. ಫೇಲಾದರೆ ಆರೂ ತಾರಸಿಗಳಿಂದ ಫಲಕ ಇಳಿಸಬೇಕು, ಐವತ್ತಪ್ಪ ಆರೂ ಮನೆಯವರ ಕೈಯಲ್ಲಿ ಮಂಗಳಾರತಿ ಮಾಡಿಸಿಕೊಳ್ಳಬೇಕು!

ಹಜಾರದ ಮೂಲೆಯಲ್ಲಿ ಹೆಂಡತಿ ಮೋಟರಿನ ಹೊಲಿಗೆ ಮಿಷನ್ನಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು.

“ಇವತ್ತೊಂದು ದಿನ ಆ ಗಡಗಡ ಮಿಷನ್ನು ನಿಲ್ಸೇ! ಇಸ್ತ್ರಿಪೆಟ್ಟಿಗೇನೂ ಮುಟ್ಟಬೇಡ.”

“ನಾಳೆ ನಲವತ್ತು ಷರಟು ಕೊಡ್ಬೇಕು ರೀ.”

“ಚಕ್ರವರ್ತಿಯ ದರ್ಬಾರಲ್ಲಿ ಬಟ್ಟೆ ಚೂರು ಯಾಕೆ?”

“ಹೌದಾ? ಸರಿ, ನಿಮ್ಮ ಚಕ್ರವರ್ತೀನ ನೀವೇ ನೋಡ್ಕೊಳ್ಳಿ!” ಎಂದು ಆಕೆ ಪಕ್ಕದ ಮನೆಗೆ ನಡೆದಳು.

ಮೇಡಂ ಬಂದು ಕೂತರು. ಬಿಸಿಲು ಸುರಿಯುತ್ತಿತ್ತು. ಮುಳ್ಳು ಐವತ್ತೊಂದಾಯಿತು, ಐವತ್ತೆರಡಾಯಿತು! ಫ್ಯಾನು ಹಾರಿಹೋಗುವ ಹುಮ್ಮಸ್ಸಿನಲ್ಲಿ ತಿರುಗತೊಡಗಿತು.

“ಇದೇನಿದು?” ಎಂದರು ಮೇಡಂ.

“ನಿಮ್ಮನ್ನ ನೋಡಿ ಅದಕ್ಕೆ ಸ್ವಲ್ಪ ಉತ್ಸಾಹ ಮೇಡಂ!” ಎನ್ನುತ್ತ ಐವತ್ತಪ್ಪ ಡಬ್ಬಿಗೆ ಎರಡು ಬಿಗಿದ. ಚಕ್ರವರ್ತಿ ಜಪ್ಪಯ್ಯ ಎನ್ನಲಿಲ್ಲ. ಮುಳ್ಳು ಐವತ್ತಮೂರಕ್ಕೇರಿತು! ಬಳಕೆ ಹೆಚ್ಚಿಸದೆ ಗತಿಯಿರಲಿಲ್ಲ. ಗಡಿಬಿಡಿಯಲ್ಲಿ ಓಣಿಯ ವಾಟ್ಸಾಪ್ ಗುಂಪಿಗೆ ಸಂದೇಶ ಕುಟ್ಟಿದ: “ಏನಾದರೂ ಆನ್ ಮಾಡಿ! ಈಗಲೇ!”

ಓಣಿಯವರು ಬಹಳ ವಿಧೇಯರು. ಗೀಸರು, ಪಂಪು, ಮಿಕ್ಸಿ, ವಾಷಿಂಗ್ ಮಿಷನ್ನು, ಎಲ್ಲವನ್ನೂ ಎಲ್ಲರೂ ಒಟ್ಟಿಗೇ ಹಾಕಿದರು! ಮುಳ್ಳು ಧೊಪ್ಪೆಂದು ನಲವತ್ತಾರಕ್ಕೆ ಬಿತ್ತು. “ಆಫ್ ಮಾಡಿ!” ಎಂದು ಮತ್ತೊಂದು ಸಂದೇಶ ಹೋಯಿತು. ಎಲ್ಲರೂ ಒಟ್ಟಿಗೇ ಆರಿಸಿದರು! ಮುಳ್ಳು ಐವತ್ತೈದಕ್ಕೆ ನೆಗೆದು, ಟಪ್ಪೆಂದು ಆರೂ ಮನೆಯ ಕರೆಂಟು ಹೋಯಿತು.

“ಮೈಯೆಲ್ಲಾ ಸೋಪು ಹಚ್ಕೊಂಡಿದೀನಿ ಕಣಯ್ಯಾ! ಪಂಪು ಹಾಕೋ!” ಎಂದು ಎದುರುಮನೆಯ ಡ್ರಿಲ್ ಮೇಷ್ಟ್ರು ಬಚ್ಚಲಿನಿಂದ ಗರ್ಜಿಸಿದರು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಐವತ್ತಪ್ಪ ಡಬ್ಬಿಗೆ ಮತ್ತೆರಡು ಬಿಗಿದ.

ಅಷ್ಟರಲ್ಲಿ ಹೆಂಡತಿ ದಡದಡ ಒಳಗೆ ಬಂದಳು. “ಮೇನ್ ಸ್ವಿಚ್ ಎತ್ರಿ!” ಎಂದು ಮಿಷನ್ನಿನ ಮುಂದೆ ಕೂತು ಪೆಡಲು ಒತ್ತಿದಳು. ಮೋಟರಿನ ಸದ್ದು ಏರುತ್ತಲೇ ಇಸ್ತ್ರಿಪೆಟ್ಟಿಗೆ ಹಾಕಿದಳು, ಸದ್ದು ತಗ್ಗಿತು. ಹೊರಗೆ ಮೋಡವೊಂದು ಹಾದಾಗ ಮೋಟರು ಗೊರಗುಟ್ಟಿತು. ತಲೆಯೆತ್ತದೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಮುಳ್ಳು ಮೊಳೆ ಹೊಡೆದಂತೆ ಐವತ್ತರಲ್ಲಿ ನಿಂತಿತು!

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. “ಎಷ್ಟು ದಿನದಿಂದ ಹೀಗೆ ಮಾಡ್ತಿದೀರಮ್ಮಾ?”

“ಇಪ್ಪತ್ತು ದಿನ ಆಯ್ತು ಮೇಡಂ. ಮಿಷನ್ನು ಒಂದ್ಸಲ ಓಡೋದು, ಒಂದ್ಸಲ ತೆವಳೋದು ಮಾಡಿದ್ರೆ ಹೊಲಿಗೆ ಸೊಟ್ಟಗಾಗುತ್ತೆ.”

“ಮತ್ತೆ ಆ ಡಬ್ಬಿ?”

“ಅದಾ? ಪಾಪ, ಅದರ ಪಾಡಿಗೆ ಅದಿದೆ.”

ಒಂದು ಗಂಟೆ ಕಾದರೂ ಮುಳ್ಳು ಕದಲಲಿಲ್ಲ. ಮೇಡಂ ಸಹಿ ಹಾಕಿದರು. ಪಾಸ್! ಐವತ್ತಪ್ಪ ಕುಣಿದಾಡಿಬಿಟ್ಟ! ಆಮೇಲೆ ಕಾಗದ ಓದಿದ: ‘ನಿಯಂತ್ರಣಾಧಿಕಾರಿ: ಮನೆಯ ದರ್ಜಿ. ಇವರು ರಜೆ ಹಾಕುವ ಮುನ್ನ ಇಲಾಖೆಗೆ ತಿಳಿಸತಕ್ಕದ್ದು.’

“ಮೇಡಂ, ಹಾಗಾದ್ರೆ ನಾನು?” ಎಂದ, ಸಣ್ಣ ದನಿಯಲ್ಲಿ.

“ಸಹಾಯಕರು ಅಂತ ಒಂದು ಕಾಲಂ ಖಾಲಿ ಇದೆ. ಆದ್ರೆ ಅದಕ್ಕೆ ಅಧಿಕಾರಿಗಳ ಒಪ್ಪಿಗೆ ಬೇಕು.”

ಅಧಿಕಾರಿಗಳು ಹೊಲಿಗೆಯಿಂದ ಕಣ್ಣು ತೆಗೆಯದೆ ಕೇಳಿದರು: “ಗುಂಡಿ ಹಾಕೋಕೆ ಬರುತ್ತೇನ್ರೀ?”