ಉದ್ದಕ್ಕೆ ಸೀಳಿದ ದ್ರಾಕ್ಷಿ

ನಮ್ಮ ಮನೆಯ ಫ್ರಿಜ್ಜಿನ ಒಡೆತನ ನನ್ನದಲ್ಲ, ನನ್ನ ಗಂಡನದೂ ಅಲ್ಲ. ಥಾಮ್ಸನ್ ಸೀಡ್‌ಲೆಸ್ ಎಂಬ ಬಿಳಿ ದ್ರಾಕ್ಷಿಯದು! ಅದರ ಪರವಾಗಿ ಆಡಳಿತ ನಡೆಸುವವರು ನನ್ನ ಗಂಡನ ದೊಡ್ಡಮ್ಮ. ಅಮೆರಿಕದ ಸ್ಯಾನ್ ರಮೋನಿಗೆ ಬಂದು ನಮ್ಮ ಜೊತೆ ನೆಲೆಸಿದ ದಿನವೇ ಫ್ರಿಜ್ಜಿನಲ್ಲಿದ್ದ ಅರ್ಧ ಈರುಳ್ಳಿಯನ್ನು ಗಡಿಪಾರು ಮಾಡಿದರು. ದ್ರಾಕ್ಷಿಗೆ ಅದರ ವಾಸನೆ ಹಿಡಿಯುತ್ತದಂತೆ!

ಒಮ್ಮೆ ನಾನು ಅಂಗಡಿಯಿಂದ ತಂದ ಗೊಂಚಲನ್ನು ನಲ್ಲಿಯ ಕೆಳಗೆ ಹಿಡಿದೆ.

"ಅಯ್ಯೋ, ತೊಳೀಬೇಡ ಕಣೇ! ಮೇಲಿರೋ ಬಿಳಿ ಪುಡಿ ಅದನ್ನ ಕೆಡದಂತೆ ಕಾಯೋ ವಿಭೂತಿ. ತಿನ್ನೋ ಹೊತ್ತಿಗೆ ತೊಳೆದ್ರೆ ಸಾಕು."

ತೊಟ್ಟು ಕೀಳದೆ, ತೂತುಗಳಿರುವ ಚೀಲದಲ್ಲೇ, ಫ್ರಿಜ್ಜಿನ ಹಿಂಬದಿಯ ತಂಪಿನಲ್ಲಿ ಅದನ್ನು ಮಲಗಿಸಿದರು. ನನ್ನ ಮಗಳನ್ನೂ ನಾನು ಇಷ್ಟು ಮೆತ್ತಗೆ ಮಲಗಿಸಿರಲಿಲ್ಲ.

ಹುಳಿ ಹಣ್ಣಾದರೆ ಗೊಜ್ಜು, ಬಾಡಿದ್ದು ಹಿತ್ತಲ ಬಿಸಿಲಿನಲ್ಲಿ ಒಣದ್ರಾಕ್ಷಿ, ಸಿಹಿಯಾದದ್ದು ಮೊಸರನ್ನಕ್ಕೆ. ಆದರೆ ಇಡೀ ಹಣ್ಣು ಮಾತ್ರ ಯಾರ ಬಾಯಿಗೂ ಹೋಗುವಂತಿಲ್ಲ; ಒಂದೊಂದನ್ನೂ ಉದ್ದಕ್ಕೆ ಸೀಳಬೇಕು. ಮಗುವಿಗೆ ಸರಿ, ಮೆನ್ಲೋ ಪಾರ್ಕ್ ಊರಿನ ಕಂಪನಿಯಲ್ಲಿ ಮ್ಯಾನೇಜರಾಗಿರುವ ನನ್ನ ಆರಡಿ ಗಂಡನಿಗೂ? ಸಾಲದ್ದಕ್ಕೆ ದೊಡ್ಡಮ್ಮ, ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಹೊರಗೆ ತೆಗೆಯಲು ಕಲಿಸುವ ತರಗತಿಗೂ ಹೋಗಿ ಗೊಂಬೆಯೊಂದನ್ನು ಗುದ್ದಿ ಬಂದರು.

"ದ್ರಾಕ್ಷಿ ತಿನ್ನೋ ಮನೇಲಿ ಒಬ್ಬರಿಗಾದ್ರೂ ಗೊತ್ತಿರಬೇಕು ಕಣೇ."

ನಾವು ಹೊಟ್ಟೆ ಹಿಡಿದು ನಕ್ಕೆವು.

ಕಳೆದ ಭಾನುವಾರ ಅವರು ಮೊಸರನ್ನಕ್ಕೆ ದ್ರಾಕ್ಷಿ ಸೀಳುತ್ತಿದ್ದರು. ನನ್ನ ಗಂಡ ಒಂದು ಇಡೀ ಹಣ್ಣನ್ನು ಎಗರಿಸಿ, ಮೇಲಕ್ಕೆ ಚಿಮ್ಮಿ, ಬಾಯಲ್ಲಿ ಹಿಡಿದ. "ನೋಡು ದೊಡ್ಡಮ್ಮ, ಕ್ಯಾಚು!"

ಆಮೇಲೆ ಮಾತಿಲ್ಲ. ಕೆಮ್ಮೂ ಇಲ್ಲ. ಎರಡೂ ಕೈ ಕುತ್ತಿಗೆಗೆ ಹೋದವು, ಮುಖ ಕಪ್ಪಿಟ್ಟಿತು. ನಾನು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಫೋನು ಹುಡುಕುತ್ತಿದ್ದೆ.

"ಬಗ್ಗೋ!" ದೊಡ್ಡಮ್ಮ ಗುಡುಗಿದರು. ಅವನ ಭುಜದ ಎತ್ತರಕ್ಕೂ ಬಾರದ ಆ ಜೀವ ಬೆನ್ನಿಗೆ ಹೊಡೆದ ಹೊಡೆತವೇನು! ಹಣ್ಣು ಕದಲಲಿಲ್ಲ. ಹಿಂದಿನಿಂದ ಅವನನ್ನು ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಎಳೆದರು. ಮತ್ತೆ ಎಳೆದರು. ದ್ರಾಕ್ಷಿ ಹಾರಿಹೋಗಿ ಫ್ರಿಜ್ಜಿನ ಬಾಗಿಲಿಗೇ ಬಡಿಯಿತು.

"ಔಟು," ಎಂದರು ದೊಡ್ಡಮ್ಮ.

ಅವನು ಉಸಿರೆಳೆದ ಸದ್ದು ಕೇಳಿದ ಮೇಲೆ ನನಗೆ ಕೈಯಲ್ಲಿದ್ದ ಫೋನು ಕಂಡಿತು.

ಡಾಕ್ಟರಿಗೆ ತೋರಿಸಿಕೊಂಡು ಸಂಜೆ ಮನೆಗೆ ಬಂದಾಗ, ಸೀಳದೆ ಉಳಿದ ಹಣ್ಣುಗಳು ಹಾಗೇ ಇದ್ದವು. ದೊಡ್ಡಮ್ಮ ಏನೂ ಆಗದವರಂತೆ ಚಾಕು ಎತ್ತಿಕೊಂಡರು. ಚಾಕುವಿನಡಿಯಿಂದ ದ್ರಾಕ್ಷಿ ಜಾರಿ ಜಾರಿ ಹೋಯಿತು. ನನ್ನ ಗಂಡ ಪಕ್ಕದಲ್ಲಿ ಕೂತು, ಅವರ ಕೈ ತಹಬಂದಿಗೆ ಬರುವ ತನಕ ಹಿಡಿದುಕೊಂಡ.

"ಹೆಚ್ಚಿ ಕೊಡು ದೊಡ್ಡಮ್ಮ," ಎಂದು ಮಗುವಿನಂತೆ ಬಾಯಿ ತೆರೆದ.

ಅವರು ಒಂದು ಹಣ್ಣನ್ನು ಎತ್ತಿಕೊಂಡು, ಎರಡಲ್ಲ, ನಾಲ್ಕಾಗಿ ಸೀಳಿದರು.