ನಲವತ್ತೊಂಬತ್ತು ದಾದಿಯರನ್ನು ಹುಡುಕಿಕೊಡುವ ಬಗ್ಗೆ

ಮುಖ್ಯ ಯೋಜನಾಧಿಕಾರಿಗಳ ಸನ್ನಿಧಿಗೆ,
ಅಂಕಿಅಂಶ ಮತ್ತು ದ್ವೀಪಾಭಿವೃದ್ಧಿ ಇಲಾಖೆ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿರುವ ಕಡೆಯ ಮೆಟ್ಟಿಲು).

ಮಾನ್ಯರೇ,

ದೂರದೃಷ್ಟಿಯುಳ್ಳವರೂ, ಇಲ್ಲದ್ದನ್ನು ಕಾಣಬಲ್ಲವರೂ, ಒಂದು ದಿನವೂ ಕಾಲಿಡದ ನೆಲದ ಹತ್ತು ವರ್ಷದ ಭವಿಷ್ಯವನ್ನು ಬಣ್ಣದ ಕಾಗದದ ಮೇಲೆ ಬರೆಯಬಲ್ಲವರೂ ಆದ ತಮಗೆ, ಲಾಂಚಿನ ಟಿಕೆಟ್ ಹರಿಯುವವನ ನಮಸ್ಕಾರಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಾವು ಎಂದರೆ ಎಷ್ಟು ಜನ ಎಂಬ ವಿಷಯದಲ್ಲಿ ತಮಗೂ ನಮಗೂ ಹದಿಮೂರು ಸಾವಿರ ಚಿಲ್ಲರೆ ಮಂದಿಯ ವ್ಯತ್ಯಾಸ ಇರುವುದರಿಂದ, ಅದು ಇತ್ಯರ್ಥವಾದ ಮೇಲೆ ಕ್ಷೇಮಸಮಾಚಾರ ತಿಳಿಸುತ್ತೇನೆ.

ನಾನು ಈ ದ್ವೀಪದ ಜೆಟ್ಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ನನ್ನ ಕಚೇರಿ ಎಂದರೆ ನಾಲ್ಕು ಹಲಗೆ, ಮೇಲೊಂದು ತಗಡು, ಕಾಲು ಕುಂಟುವ ಸ್ಟೂಲು, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪೆನ್ಸಿಲು ಮತ್ತು ಹಸಿರು ರಟ್ಟಿನ ರಿಜಿಸ್ಟರು. ನಮ್ಮಲ್ಲೊಂದು ಪದ್ಧತಿಯಿದೆ. ದ್ವೀಪ ಬಿಟ್ಟು ಆಚೆ ದಡಕ್ಕೆ ಹೋಗುವಾಗ ಯಾರಿಗೂ ಟಿಕೆಟ್ ಇಲ್ಲ, ಇಲ್ಲಿ ಬಂದು ಇಳಿಯುವಾಗ ಮಾತ್ರ ಒಂದು ಟಿಕೆಟ್, ಎರಡೂ ಕಡೆಯದು ಸೇರಿ. ನನಗಿಂತ ಮುಂಚೆ ಇದೇ ಸ್ಟೂಲಿನ ಮೇಲೆ ಕೂತಿದ್ದ ನನ್ನ ಸೋದರಮಾವ, "ಹೋದೋರು ಎಲ್ಲಿಗೆ ಹೋಗ್ತಾರೋ, ಒಲೆ ಇಲ್ಲೇ ಇದೆಯಲ್ಲ, ಬರ್ಲೇಬೇಕು" ಎನ್ನುತ್ತಿದ್ದರು. ರಿಜಿಸ್ಟರಿನಲ್ಲಿ 'ಬಂದವರು', 'ಹೋದವರು' ಎಂಬ ಎರಡು ಕಲಂ ಅಚ್ಚಾಗಿಯೇ ಬಂದಿವೆ. ಬಂದವರ ಕಲಂನಲ್ಲಿ ಹರಿದ ಟಿಕೆಟ್‌ಗಳನ್ನು ಎಣಿಸಿ ಬರೆಯುತ್ತೇನೆ. ಹೋದವರನ್ನು ನಾವು ಎಣಿಸುವುದೇ ಇಲ್ಲವಾದ್ದರಿಂದ ಅಲ್ಲಿ ಮಾವನ ಕಾಲದಿಂದಲೂ ಒಂದು ಅಡ್ಡಗೆರೆ ಎಳೆದು ಬಿಡುತ್ತೇವೆ.

ಕೊನೆಗೆ 'ಷರಾ' ಎಂಬ ಮೂರನೆಯ ಕಲಂ ಇದೆ. ಅದನ್ನು ಯಾರೂ ತುಂಬುವುದಿಲ್ಲ, ನಾನು ತುಂಬುತ್ತೇನೆ. ನನ್ನ ಅಕ್ಷರ ಚೆನ್ನಾಗಿದೆ, ಜೆಟ್ಟಿಯಲ್ಲಿ ಲಾಂಚು ಬರುವ ತನಕ ಹೊತ್ತು ಹೋಗುವುದಿಲ್ಲ, ಹಾಗಾಗಿ ಬಂದವರ ಕಸುಬನ್ನೂ ಒಪ್ಪವಾಗಿ ಬರೆದಿಡುತ್ತೇನೆ: ಮೀನು ವ್ಯಾಪಾರ, ಶಿಕ್ಷಕ, ದರ್ಜಿ, ದಾದಿ. ಈ ಚಟದಿಂದ ಯಾರಿಗಾದರೂ ಕೇಡಾದೀತೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಹೋದ ವರ್ಷದ ಕೊನೆಯಲ್ಲಿ ತಮ್ಮ ಇಲಾಖೆಯಿಂದ ಕನ್ನಡಕದ ಅಧಿಕಾರಿಯೊಬ್ಬರು ಮಧ್ಯಾಹ್ನದ ಲಾಂಚಿಗೆ ಬಂದರು. ಲಾಂಚು ಮರಳಿ ಹೊರಡಲು ಇಪ್ಪತ್ತು ನಿಮಿಷ ಇತ್ತು. ದ್ವೀಪದ ಬೆಳವಣಿಗೆಯ ಸಮಗ್ರ ಅಧ್ಯಯನವನ್ನು ಅವರು ಅಷ್ಟರಲ್ಲೇ, ನನ್ನ ಸ್ಟೂಲಿನ ಮೇಲೆ ಕೂತೇ, ಮುಗಿಸಿದರು. ರಿಜಿಸ್ಟರಿನ ಹಾಳೆ ತಿರುವಿ, "ಎಷ್ಟು ಚೆಂದ ಬರೆದಿದ್ದೀರಿ, ನಮ್ಮ ಆಫೀಸಲ್ಲೂ ಇಷ್ಟು ಅಚ್ಚುಕಟ್ಟಿಲ್ಲ" ಎಂದರು. ನಾನು ಹಿಗ್ಗಿ ಹೀರೇಕಾಯಿಯಾಗಿ ವರ್ಷದ ರಿಜಿಸ್ಟರನ್ನು ಕೈಯಾರೆ ಕೊಟ್ಟು ಕಳುಹಿಸಿದೆ. ಕೊಡುವ ಮುಂಚೆ ಅವರ ಸಾಲಿಗೂ ನಿಯಮದ ಪ್ರಕಾರ ಅಡ್ಡಗೆರೆ ಎಳೆದೆ.

ಮೂರು ತಿಂಗಳಲ್ಲಿ ತಮ್ಮ 'ದಶವಾರ್ಷಿಕ ಬೆಳವಣಿಗೆ ಯೋಜನೆ' ನುಣುಪು ಕಾಗದದಲ್ಲಿ ಬಂತು. ಅದನ್ನು ಓದಿ ನಮಗಾದ ಬೆರಗನ್ನು ಹೇಗೆ ಹೇಳಲಿ. ವರ್ಷದ ಮೊದಲಿಗೆ ನಾವು ಮುನ್ನೂರ ಹದಿನಾರು ಜನ. ಬಂದವರು ಹದಿಮೂರು ಸಾವಿರದ ಎಂಟುನೂರ ಎಪ್ಪತ್ತೆರಡು, ಹೋದವರು ಯಾರೂ ಇಲ್ಲ, ಒಟ್ಟು ಹದಿನಾಲ್ಕು ಸಾವಿರದ ನೂರ ಎಂಬತ್ತೆಂಟು, ಬೆಳವಣಿಗೆ ಶೇಕಡಾ ನಾಲ್ಕು ಸಾವಿರದ ಮುನ್ನೂರ ತೊಂಬತ್ತು. ನಮ್ಮ ಶಾಲೆಯ ಮೇಷ್ಟ್ರು ಇದೇ ವೇಗವನ್ನು ಬೋರ್ಡಿನ ಮೇಲೆ ಮುಂದುವರಿಸಿ ನೋಡಿದರು. ಐದನೆಯ ವರ್ಷಕ್ಕೆ ಭೂಮಂಡಲದ ಜನರೆಲ್ಲ ಬಂದು ಇಳಿದರೂ ತಮ್ಮ ಲೆಕ್ಕಕ್ಕೆ ಸಾಲುವುದಿಲ್ಲವಂತೆ. ನಿಜ ಹೇಳಬೇಕೆಂದರೆ ಆ ವರ್ಷ ನಮ್ಮಲ್ಲಿ ಯಾರೂ ಹುಟ್ಟಲಿಲ್ಲ, ದೀಪಸ್ತಂಭದ ಅಜ್ಜ ತೀರಿಕೊಂಡರು, ನಾವು ಮುನ್ನೂರ ಹದಿನೈದಕ್ಕೆ ಇಳಿದಿದ್ದೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯನ್ನು ಕೇಳಿದ್ದೆ. ಕರುವಿಗೆ ಐದು ಕಿಲೋಮೀಟರಿನ ವರ್ತುಲ ರಸ್ತೆ ಮಂಜೂರು ಮಾಡಿದ್ದನ್ನು ಈಗಷ್ಟೇ ಕಂಡೆ. ನಮ್ಮ ದ್ವೀಪವನ್ನು ಸುತ್ತು ಹಾಕಿದರೆ ಮೂರು ಕಿಲೋಮೀಟರು ಆಗುತ್ತದೆ. ಉಳಿದ ಎರಡು ಕಿಲೋಮೀಟರು ನೀರಿನ ಮೇಲೆ ಹಾಯುವುದೋ ಎಂಬುದನ್ನು ಬಿಡುವಾದಾಗ ತಿಳಿಸಬೇಕು.

ತಮ್ಮ ವರದಿಯಿಂದ ನಮ್ಮ ನೆರೆಹೊರೆಯವರ ಬಗ್ಗೆ ನಮಗೇ ಗೊತ್ತಿಲ್ಲದ ಸಂಗತಿಗಳು ಗೊತ್ತಾದವು. ದಿನಾ ಬುಟ್ಟಿ ಹೊತ್ತು ಆಚೆ ದಡದ ಮಾರುಕಟ್ಟೆಗೆ ಹೋಗಿ ಬರುವ ಮೀನಕ್ಕ ವರ್ಷದಲ್ಲಿ ಮುನ್ನೂರ ಹನ್ನೊಂದು ಸಲ ಬಂದು ಇಳಿದಿದ್ದಾಳೆ, ಆದ್ದರಿಂದ ಹೆಚ್ಚುಕಡಿಮೆ ಇಡೀ ದ್ವೀಪದಷ್ಟು ಜನ ಅವಳೊಬ್ಬಳೇ. ಇದನ್ನು ಓದಿ ಹೇಳಿದಾಗ ಅವಳು, "ಇಷ್ಟು ಜನ ಇದ್ದೀವಾ, ಹಾಗಾದ್ರೆ ಮನೇಲಿ ಪಾತ್ರೆ ತೊಳೆಯೋಳು ನಾನೊಬ್ಬಳೇ ಯಾಕೆ" ಎಂದು ಕೇಳಿದಳು. ಆಚೆ ದಡದಿಂದ ಬಂದು ಹೋಗುವ ಮೇಷ್ಟ್ರು ಇನ್ನೂರ ನಾಲ್ಕು ಮಂದಿಯಾಗಿ ನೆಲೆಸಿದ್ದಾರೆ. ಶಾಲೆಯಲ್ಲಿರುವುದು ಹದಿನಾಲ್ಕು ಮಕ್ಕಳು, ಮಗುವಿಗೆ ತಲಾ ಹದಿನಾಲ್ಕೂವರೆ ಶಿಕ್ಷಕರು. ಇಷ್ಟಾದರೂ ಮಗ್ಗಿ ತಪ್ಪುವ ಮಕ್ಕಳನ್ನು ಏನೆನ್ನಬೇಕು.

ಇಲ್ಲಿಯವರೆಗೆ ನಾವು ನಕ್ಕೆವು, ಮಾನ್ಯರೇ. ಊರಿನವರೆಲ್ಲ ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ನಕ್ಕೆವು. ಮೂವತ್ತೊಂದನೆಯ ಪುಟಕ್ಕೆ ಬಂದಾಗ ನಗು ನಿಂತಿತು.

ಪ್ರತಿ ಬುಧವಾರ ಬೆಳಗಿನ ಲಾಂಚಿಗೆ ಕಪ್ಪು ಚೀಲ, ನೀಲಿ ಕೊಡೆ ಹಿಡಿದು ಒಬ್ಬ ನರ್ಸು ಬರುತ್ತಿದ್ದರು. ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಬುಧವಾರದಮ್ಮ ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಸಂಜೆಯ ಲಾಂಚಿಗೆ ಮರಳುವುದರೊಳಗೆ ಗಾಯಕ್ಕೆ ಪಟ್ಟಿ, ಮಗುವಿಗೆ ಚುಚ್ಚುಮದ್ದು, ಮುದುಕರಿಗೆ ಬೈಗುಳ, ಎಲ್ಲವನ್ನೂ ಮುಗಿಸುತ್ತಿದ್ದರು. ನನ್ನ ಮಗಳು ಬಸುರಿಯಾದಾಗ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಮೊದಲು ನಕ್ಕವರೂ ಅವರೇ, ಏಳನೆಯ ತಿಂಗಳಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣ, ಬಿಪಿ ಏರ್ತಾ ಇದೆ, ವಾರವಾರ ನೋಡ್ಲೇಬೇಕು, ಒಂದು ವಾರನೂ ತಪ್ಪೋ ಹಾಗಿಲ್ಲ" ಎಂದವರೂ ಅವರೇ. ತಮ್ಮ ಮೂವತ್ತೊಂದನೆಯ ಪುಟ ಹೀಗಿದೆ: 'ದ್ವೀಪದಲ್ಲಿ ನಲವತ್ತೊಂಬತ್ತು ದಾದಿಯರು ನೆಲೆಸಿರುವುದು ಜೆಟ್ಟಿಯ ದಾಖಲೆಯಿಂದ ಕಂಡುಬಂದಿದ್ದು, ಹೊರಗಿನಿಂದ ವಾರಕ್ಕೊಮ್ಮೆ ದಾದಿಯನ್ನು ಕಳುಹಿಸುವ ಸೇವೆಯನ್ನು ಅನಗತ್ಯವೆಂದು ರದ್ದುಪಡಿಸಲಾಗಿದೆ.' ವರ್ಷದಲ್ಲಿ ಅವರು ಬಂದ ಬುಧವಾರಗಳು ನಲವತ್ತೊಂಬತ್ತು. ಅಷ್ಟೂ ಸಲ ಷರಾದಲ್ಲಿ 'ದಾದಿ' ಎಂದು ದುಂಡಗೆ ಬರೆದ ಕೈ ನನ್ನದು. ನನ್ನ ಹೆಂಡತಿ ರಂಪ ಮಾಡಲಿಲ್ಲ. "ನಿಮ್ಮ ಅಕ್ಷರ ಚೆಂದ ಅಂತ ಹೊಗಳಿದ್ರಲ್ಲ, ಹೆರಿಗೆಗೆ ಅದನ್ನೇ ಕರೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ತಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಗೋಡೆಯ ನಕ್ಷೆಯಲ್ಲಿ ನಮ್ಮ ದ್ವೀಪಕ್ಕೆ ಕೆಂಪು ಬಣ್ಣ ಬಳಿದು, ಜನಸಂಖ್ಯೆಗೆ ತಕ್ಕ ಹಾಗೆ ಅದನ್ನು ದೊಡ್ಡದಾಗಿ ಬರೆದಿರುವುದನ್ನು ನೋಡಿ ಸಂತೋಷವಾಯಿತು. ಮೊದಲ ಸಲ ಗುಮಾಸ್ತರು, "ನಲವತ್ತೊಂಬತ್ತು ಜನ ಇದ್ದಾರಲ್ಲ, ಅವರಲ್ಲಿ ಒಬ್ಬರನ್ನ ಕರೆಸ್ಕೊಳ್ಳಿ" ಎಂದು ಸಲಹೆ ಕೊಟ್ಟರು. ಎರಡನೆಯ ಸಲ ರಿಜಿಸ್ಟರನ್ನೇ ತೆರೆದು, "ಸಹಿ ನಿಮ್ಮದೇ ತಾನೆ" ಎಂದರು. ನನ್ನದೇ. ಮೂರನೆಯ ಸಲ, ಜನ ಹೋಗಿದ್ದಾರೆ ಎಂದು ಸಾಬೀತಾಗಬೇಕಾದರೆ ಹೋದ ಹದಿಮೂರು ಸಾವಿರ ಜನರ ಸಹಿ ಬೇಕು ಎಂದರು. ನಾಲ್ಕನೆಯ ಸಲ ನಾನು ಲೆಕ್ಕದ ಮಾತು ಬಿಟ್ಟು ಮಗಳ ಮಾತು ತೆಗೆದೆ. ಅದಕ್ಕೆ, "ಮಗು ಹುಟ್ಟಲಿ ಬಿಡಿ, ಹುಟ್ಟಿದ ಮೇಲೆ ಅರ್ಜಿ ಕೊಡಿ, ಲೆಕ್ಕಕ್ಕೆ ತಗೋತೀವಿ" ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಹಿರಿಯರ ಮಾತನ್ನು ತಮ್ಮ ಇಲಾಖೆ ನನ್ನ ಮಗಳೊಬ್ಬಳ ವಿಷಯದಲ್ಲಾದರೂ ಪಾಲಿಸಿತು. ಪ್ರತಿ ಸಲ ಮರಳಿ ಬಂದು ಇಳಿದಾಗ, ನಿಯಮ ನಿಯಮವೇ ಆದ್ದರಿಂದ, ನನ್ನ ಟಿಕೆಟನ್ನು ನಾನೇ ಹರಿದುಕೊಂಡೆ. ಜನಸಂಖ್ಯೆ ತಪ್ಪಾಗಿದೆ ಎಂದು ದೂರು ಕೊಟ್ಟದ್ದರಿಂದ ಜನಸಂಖ್ಯೆ ನಾಲ್ಕು ಹೆಚ್ಚಾಯಿತು.

ನಾಲ್ಕನೆಯ ಸಲ ತಮ್ಮ ಕಚೇರಿಯ ಮೆಟ್ಟಿಲು ಇಳಿಯುವಾಗ ಬುಧವಾರದಮ್ಮ ಸಿಕ್ಕಿದರು. ತಾವು ಅವರನ್ನು ಕೆಳಗಿನ ಮಹಡಿಯಲ್ಲಿ ಕಡತಗಳಿಗೆ ಮೊಹರು ಒತ್ತಲು ಕೂರಿಸಿದ್ದೀರಿ. ಕೈಯೆಲ್ಲ ನೇರಳೆ ಶಾಯಿಯಾಗಿತ್ತು. "ಕಾಲು ಊದಿದೆಯಾ ಅಣ್ಣ, ತಲೆ ಸುತ್ತುತ್ತೆ ಅಂತಾಳಾ" ಎಂದು ಕೇಳಿದರು. ಎರಡಕ್ಕೂ ಹೌದೆಂದೆ. ಅವರು ಸ್ವಂತ ಫೋನ್ ನಂಬರು ಬರೆದುಕೊಟ್ಟರು.

ದಿನ ತುಂಬಲು ಇನ್ನೂ ಹದಿನೆಂಟು ದಿನ ಇರುವಾಗ, ಒಂದು ಬುಧವಾರವೇ, ಬೆಳಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ತಮ್ಮ ನಲವತ್ತೊಂಬತ್ತು ದಾದಿಯರಲ್ಲಿ ಒಬ್ಬರೂ ಬಾಗಿಲು ತಟ್ಟಲಿಲ್ಲ. ಅವಳನ್ನು ಮೊದಲ ಲಾಂಚಿಗೆ ಎತ್ತಿಕೊಂಡು ಹೋದೆವು. ಆಚೆ ದಡಕ್ಕೆ ಐವತ್ತು ನಿಮಿಷದ ದಾರಿ. ಲಾಂಚಿನ ಎಂಜಿನ್ ನೋಡಿಕೊಳ್ಳುವವನು ನನ್ನ ಅಳಿಯನೇ, ಅವನು ಎಂಜಿನ್ ಬಿಟ್ಟು ಬರುವಂತಿಲ್ಲ, ಬೆನ್ನ ಹಿಂದೆ ಹೆಂಡತಿ ಕೂಗುತ್ತಿದ್ದರೂ ತಿರುಗಿ ನೋಡದೆ ನಿಂತಿದ್ದ. ನಡುನೀರಿನಲ್ಲಿ ಮೀನಕ್ಕ ಮೀನಿನ ಬುಟ್ಟಿಗಳನ್ನು ಸರಿಸಿ, ಸೆರಗು ಸಿಕ್ಕಿಸಿ, "ಗಂಡಸರೆಲ್ಲ ಆ ಕಡೆ ತಿರುಗ್ರಿ" ಎಂದಳು. ಮಗು ಅತ್ತಿತು, ಹೆಣ್ಣು. ಆದರೆ ಮಗಳ ರಕ್ತ ನಿಲ್ಲಲಿಲ್ಲ. ಲಾಂಚಿನ ಹಲಗೆಯ ಸಂದಿಯಲ್ಲಿ ಅದು ಹರಿಯುವುದನ್ನು ನಾನು ನೋಡಿದೆ. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲೇ ಇಲ್ಲ, ನನ್ನ ಕೈಬರಹದ ಮೇಲೆ ಅಷ್ಟು ಅಸಹ್ಯ ಹುಟ್ಟಿದ್ದೂ ಇಲ್ಲ.

ಬುಧವಾರದಮ್ಮ ನಮ್ಮ ಫೋನು ಬಂದ ಕೂಡಲೇ ಮೊಹರು ಬಿಸಾಕಿ, ಆಂಬುಲೆನ್ಸ್ ಕರೆಸಿಕೊಂಡು ಆಚೆ ಜೆಟ್ಟಿಯಲ್ಲಿ ನಿಂತಿದ್ದರು. ಮಗಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಳು. ಅನುಮತಿಯಿಲ್ಲದೆ ಕುರ್ಚಿ ಬಿಟ್ಟು ಎದ್ದದ್ದಕ್ಕಾಗಿ ತಾವು ಬುಧವಾರದಮ್ಮನಿಗೆ ನೋಟಿಸ್ ಕೊಟ್ಟಿರುವುದೂ ತಿಳಿಯಿತು. ಶಿಸ್ತು ಎಂದರೆ ಹಾಗಿರಬೇಕು.

ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಅಂದೇ ಸಂಜೆ ಮರಳಿದ್ದೆ. ಒಂಬತ್ತನೆಯ ದಿನ ಮಗಳು ಅಮ್ಮನ ಭುಜ ಹಿಡಿದು ಲಾಂಚಿನಿಂದ ಇಳಿದಳು. ಇಬ್ಬರ ಟಿಕೆಟ್ ಹರಿದೆ, ಇಬ್ಬರನ್ನೂ ಹೊಸದಾಗಿ ನೆಲೆಸಲು ಬಂದವರೆಂದು ತಮಗಾಗಿ ಬರೆದುಕೊಂಡೆ. ಮೊಮ್ಮಗಳು ಅಜ್ಜಿಯ ತೋಳಿನಲ್ಲಿ ನಿದ್ದೆ ಮಾಡುತ್ತಿದ್ದಳು. ಪೆನ್ಸಿಲು ಎತ್ತಿದವನು ಹಾಗೇ ನಿಂತೆ. ಐದು ವರ್ಷದೊಳಗಿನ ಮಕ್ಕಳಿಗೆ ನಮ್ಮ ಲಾಂಚಿನಲ್ಲಿ ಟಿಕೆಟ್ ಇಲ್ಲ. ಎರಡು ವರ್ಷದಲ್ಲಿ ಈ ದ್ವೀಪಕ್ಕೆ ನಿಜವಾಗಿ ಬಂದ ಹೊಸ ಜೀವ ಅದೊಂದೇ, ನಮ್ಮನ್ನು ಮತ್ತೆ ಮುನ್ನೂರ ಹದಿನಾರಕ್ಕೆ ಏರಿಸಿದ್ದು ಅದೇ, ತಮ್ಮ ಲೆಕ್ಕದಲ್ಲಿ ಇಲ್ಲದ್ದೂ ಅದೊಂದೇ.

ಆದ್ದರಿಂದ ತಮ್ಮಲ್ಲಿ ವಿನಂತಿ. ನಮ್ಮಲ್ಲಿ ಎಲ್ಲೋ ಅಡಗಿರುವ ಹದಿಮೂರು ಸಾವಿರದ ಎಂಟುನೂರ ಎಪ್ಪತ್ತೆರಡು ಜನರನ್ನು ಹೊರಗೆ ಬರುವಂತೆ ತಾವು ಸುತ್ತೋಲೆ ಹೊರಡಿಸಬೇಕು. ಮುನ್ನೂರಕ್ಕೂ ಮೇಲ್ಪಟ್ಟ ಮೀನಕ್ಕಂದಿರಲ್ಲಿ ಪಾತ್ರೆ ತೊಳೆಯುವ ಸರದಿ ನಿಗದಿ ಮಾಡಿಕೊಡಬೇಕು. ನೀರಿನ ಮೇಲಿನ ಎರಡು ಕಿಲೋಮೀಟರು ರಸ್ತೆಯನ್ನಾದರೂ ಬೇಗ ಮುಗಿಸಿದರೆ ಮುಂದಿನ ಬಸುರಿ ನಡೆದೇ ಹೋಗಬಹುದು. ದರ್ಜಿಯ ಸೊಸೆಗೆ ಈಗ ಐದು ತಿಂಗಳು, ನನ್ನ ಮೊಮ್ಮಗಳಿಗೆ ಬರುವ ವಾರ ಚುಚ್ಚುಮದ್ದು ಹಾಕಿಸಬೇಕು. ಇವೆಲ್ಲ ದೊಡ್ಡ ಕೆಲಸ, ತಮಗೆ ಆಗದಿದ್ದರೆ ಒಂದು ಸಣ್ಣ ಕೆಲಸ ಮಾಡಿ, ಮೊಹರಿನ ಮುಂದೆ ಕೂತಿರುವ ಒಬ್ಬ ಹೆಂಗಸನ್ನು ಬುಧವಾರ ಬೆಳಿಗ್ಗೆ ಲಾಂಚು ಹತ್ತಿಸಿ.

ಇಂತಿ,
ತಮ್ಮ ವಿಶ್ವಾಸಿ, ಅಂದರೆ ತಮ್ಮ ಲೆಕ್ಕದಂತೆ ತಮ್ಮ ವಿಶ್ವಾಸಿಗಳಾದ ಆರು ಮಂದಿ (ಹುಟ್ಟಿನಿಂದ ಇಲ್ಲೇ ಇರುವವನು ಒಬ್ಬ, ತಮ್ಮ ಕಚೇರಿಯಿಂದ ಬಂದು ಇಳಿದವರು ನಾಲ್ವರು, ಆಸ್ಪತ್ರೆಯಿಂದ ಬಂದವನೊಬ್ಬ),
ಜೆಟ್ಟಿಯ ಟಿಕೆಟ್‌ನವನು.

ಮರೆತಿದ್ದು: ಅಡ್ಡಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಹೋದವರನ್ನೂ ಈಗ ಒಬ್ಬೊಬ್ಬರಾಗಿ ಎಣಿಸುತ್ತೇನೆ. ಆದರೆ ತಾವೇ ಖುದ್ದಾಗಿ ಪರಿಶೀಲನೆಗೆ ಬರುವ ದಿನ ಮಾತ್ರ ಹಳೆಯ ಪದ್ಧತಿಯನ್ನೇ ಪಾಲಿಸುವುದೆಂದು ಊರಿನವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ತಮ್ಮ ಟಿಕೆಟನ್ನು ನನ್ನ ಕೈಯಾರೆ ಹರಿದು, ಹೋದವರ ಕಲಂನಲ್ಲಿ ಗೆರೆ ಎಳೆಯುತ್ತೇನೆ, ಅಲ್ಲಿಗೆ ತಾವು ಕಾಯಂ ಇಲ್ಲಿಯವರು, ಕಾಯಿಲೆ ಬಿದ್ದರೆ ನಲವತ್ತೊಂಬತ್ತು ದಾದಿಯರು ತಮ್ಮ ಸೇವೆಗೆ ಇದ್ದಾರೆ. ಅವರ ಮೇಲೆ ಅಷ್ಟು ಭರವಸೆ ಇಲ್ಲದಿದ್ದರೆ ಬರುವಾಗ ಬುಧವಾರದಮ್ಮನನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಐವತ್ತನೆಯವರೆಂದು ಬರೆದುಕೊಳ್ಳುತ್ತೇನೆ.